ಕಾರ್ತೇಜಿನ ಬಿಷಪ್ಪರೂ ಹೊನ್ನಾಳಿಯ ಓಮ್ನಿಯೂ

ನವೆಂಬರ್ 17, ಸೋಮವಾರ. ಬಿಳಿಚೋಡು

ನಮ್ಮ ಅತಿಥಿ ಉಪನ್ಯಾಸಕರ ಮುಷ್ಕರ ಇವತ್ತು ಬೆಳಿಗ್ಗೆ ಹೊನ್ನಾಳಿಯ ತಾಲ್ಲೂಕು ಕಚೇರಿ ಎದುರು ಶುರುವಾಯಿತು. ವಾಟ್ಸಾಪ್ ಗುಂಪಿನಲ್ಲಿ ಫೋಟೋ ಬಂದಿದೆ. ನೀಲಿ ಶಾಮಿಯಾನ, ನೆಲಕ್ಕೆ ಜಮಖಾನ. ಆ ಜಮಖಾನ ನೋಡಿಯೇ ನನ್ನ ಸೊಂಟ ಹಿಡಿದುಕೊಂಡಿತು. ನೆಲದ ಮೇಲೆ ಹೆಚ್ಚು ಹೊತ್ತು ಕೂರಬೇಡಿ ಎಂದು ಡಾಕ್ಟರು ಹೇಳಿ ಎರಡು ವರ್ಷವಾಯಿತು. ಹಾಗಾಗಿ ನಿನ್ನೆ ಸಂಜೆಯೇ ಚನ್ನಗಿರಿ ಬಿಟ್ಟು ಮಾವನ ಮನೆಗೆ ಬಂದೆ. ಜಗಳೂರು ಸೀಮೆಯ ಒಣ ಗಾಳಿ ಬೆನ್ನಿಗೆ ಒಳ್ಳೆಯದು.

ಇದನ್ನು ಓಡಿಬಂದದ್ದು ಎಂದು ಯಾರಾದರೂ ಅಂದರೆ ಅದು ಶುದ್ಧ ತಪ್ಪು. ನನ್ನ ಹೆಂಡತಿ ನೇತ್ರಾವತಿ ಅಂದಳು. ಅವಳಿಗೆ ಹೈಸ್ಕೂಲಿನಲ್ಲಿ ಕಾಯಂ ಕೆಲಸ, ಮುಷ್ಕರದ ಬಿಸಿ ಅವಳಿಗೆ ಗೊತ್ತಿಲ್ಲ. ಅವಳು ಚನ್ನಗಿರಿಯಲ್ಲೇ ಉಳಿದಿದ್ದಾಳೆ. ಹೆಂಡತಿ ಇಲ್ಲದೆ ಗಂಡನೊಬ್ಬನೇ ಅವಳ ತವರಿಗೆ ಬಂದು ಕೂತಿರುವುದು ಈ ಓಣಿಯಲ್ಲಿ ಇದೇ ಮೊದಲಂತೆ.

ಕೆಲಸವಂತೂ ಬೇಕಾದಷ್ಟಿದೆ. ದೂರಶಿಕ್ಷಣದವರ ಇತಿಹಾಸ ಎಂ.ಎ. ಪಠ್ಯಕ್ಕೆ ‘ಆದಿ ಕ್ರೈಸ್ತ ಸಭೆ’ ಎಂಬ ಭಾಗದ ನಾಲ್ಕು ಅಧ್ಯಾಯಗಳನ್ನು ನಾನು ಬರೆದುಕೊಡಬೇಕು. ಎರಡು ಮುಗಿದಿವೆ. ಎರಡನ್ನೂ ನಮ್ಮ ಕಾಲೇಜಿನ ಕನ್ನಡದ ಶಾಯಿಸ್ತಾ ಮೇಡಂ ತಿದ್ದಿಕೊಟ್ಟರು. ಅವರು ತಿದ್ದಿದರೆ ನನ್ನ ಬರವಣಿಗೆ ನನಗೇ ಓದಬೇಕೆನಿಸುತ್ತದೆ.

ರಾತ್ರಿ ಊಟಕ್ಕೆ ಕೂತಾಗ ಮಾವ ಮಹೇಶ್ವರಪ್ಪನವರು ಕೇಳಿದರು: “ಚರ್ಚಿನ ಇತಿಹಾಸ ಬರಿತೀರಂತೆ. ಒಂದು ಚರ್ಚಿನ ಒಳಗಾದ್ರೂ ಹೋಗಿ ನೋಡೀರಾ?”

ಮೊದಲ ಮುನ್ನೂರು ವರ್ಷ ಅವರಿಗೂ ಕಟ್ಟಡ ಅಂತ ಹೇಳಿಕೊಳ್ಳುವಂಥದ್ದು ಇರಲಿಲ್ಲ, ಯಾರದೋ ಮನೆಯಲ್ಲಿ ಸೇರುತ್ತಿದ್ದರು ಎಂದೆ. ನಿಮ್ಮ ಉಪನ್ಯಾಸಕರ ಸಂಘದ ಹಾಗೆ ಅನ್ನಿ ಎಂದರು. ಮಾವನಿಗೆ ಒಮ್ಮೊಮ್ಮೆ ಚೆನ್ನಾಗಿ ಹೊಳೆಯುತ್ತದೆ.

ನವೆಂಬರ್ 21, ಶುಕ್ರವಾರ. ಬಿಳಿಚೋಡು

ಗುಂಪಿಗೆ ದಿನಾ ಬೆಳಿಗ್ಗೆ ಒಂದು ಸಂದೇಶ ಕಳಿಸುತ್ತಿದ್ದೇನೆ. ಸೊಂಟದ ಚಿಕಿತ್ಸೆಯಲ್ಲಿದ್ದೇನೆ ಎಂದಷ್ಟೇ ತಿಳಿಸಿದ್ದೇನೆ, ಊರಿನ ಹೆಸರು ಬೇಡವೆನಿಸಿತು. ಇವತ್ತಿನದು ಇಪ್ಪತ್ತೆರಡು ಸಾಲು. ‘ಸೊಂಟ ಮುರಿದರೂ ಸ್ವಾಭಿಮಾನ ಮುರಿಯಲಾರದು’ ಎಂದು ಮುಗಿಸಿದೆ. ಸಂಘದ ಅಧ್ಯಕ್ಷ, ರಾಜ್ಯಶಾಸ್ತ್ರದ ಓಂಕಾರಪ್ಪ, ಅದನ್ನು ಟೆಂಟಿನಲ್ಲಿ ಗಟ್ಟಿಯಾಗಿ ಓದಿಸಿದರಂತೆ. ಚಪ್ಪಾಳೆ ಬಿತ್ತಂತೆ. ಮನುಷ್ಯ ದೂರವಿದ್ದೂ ಎಷ್ಟು ಉಪಯೋಗಕ್ಕೆ ಬರಬಹುದು ಎಂಬುದಕ್ಕೆ ಇದೇ ಸಾಕ್ಷಿ.

ಸಂಜೆ ಮಾವನ ಕುರಿಗಳ ಹಿಂದೆ ದಿಣ್ಣೆಯವರೆಗೆ ಹೋಗಿಬಂದೆ. ಏರು ಹತ್ತುವಾಗ ಸೊಂಟ ನೋಯಲಿಲ್ಲ. ನಡಿಗೆ ಬೇರೆ, ಕೂರುವುದು ಬೇರೆ.

ನವೆಂಬರ್ 27, ಗುರುವಾರ. ಬಿಳಿಚೋಡು

ರಸ್ತೆ ತಡೆ ಮಾಡಿದ್ದಕ್ಕೆ ಪೊಲೀಸರು ಓಂಕಾರಪ್ಪನವರನ್ನು ವ್ಯಾನು ಹತ್ತಿಸಿ, ಕಲ್ಯಾಣ ಮಂಟಪವೊಂದರಲ್ಲಿ ಸಂಜೆಯವರೆಗೆ ಕೂರಿಸಿ, ಚಿತ್ರಾನ್ನ ಕೊಟ್ಟು ಬಿಟ್ಟಿದ್ದಾರೆ. ಗುಂಪಿನಲ್ಲಿ ಅವರೀಗ ‘ಹೋರಾಟಗಾರ ಓಂಕಾರಪ್ಪ’.

ಪ್ರಾಂಶುಪಾಲರು ಒಂದು ಮುಚ್ಚಳಿಕೆ ಹೊರಡಿಸಿದ್ದಾರೆ. ‘ನಾನು ಮುಷ್ಕರದಲ್ಲಿಲ್ಲ’ ಎಂದು ಸೋಮವಾರದೊಳಗೆ ಸಹಿ ಹಾಕಿ ಪಾಠಕ್ಕೆ ಬರಬೇಕು. ಬಾರದವರ ತರಗತಿಗಳು ಹೊಸಬರ ಪಾಲು. ಯಾರೂ ಸಹಿ ಹಾಕಕೂಡದು ಎಂದು ತಕ್ಷಣ ಸಂದೇಶ ಹಾಕಿದೆ.

ಸಂಜೆ ಫೋನನ್ನು ಚಾರ್ಜಿಗೆ ಹಾಕಿ ದಿಣ್ಣೆಗೆ ಹೋಗಿದ್ದೆ. ವಾಪಸು ಬಂದು ನೋಡಿದರೆ ಶಾಯಿಸ್ತಾ ಮೇಡಂ ಅವರ ಕರೆ ಬಂದಿದೆ, ಮಾವ ಎತ್ತಿ ಮಾತಾಡಿದ್ದಾರೆ. ಏನೆಂದಿರಿ ಎಂದು ಕೇಳಿದೆ. ಹೊರಗೆ ಹೋಗಿದ್ದಾರೆ ಅಂದೆ ಎಂದರು. ಸರಿಯಾದ ಉತ್ತರವೇ. ಬಹುಶಃ ಆಸ್ಪತ್ರೆಗೆ ಎಂದುಕೊಂಡಿರುತ್ತಾರೆ. ತಿರುಗಿ ಕರೆ ಮಾಡಬೇಕು ಎಂದುಕೊಂಡೆ. ಆದರೆ ಮಾತಿಗೆ ಮಾತು ಬೆಳೆದು ಸೊಂಟದ ವಿಚಾರ ಬರುತ್ತದೆ. ನಾಳೆ ನೋಡೋಣ.

ಡಿಸೆಂಬರ್ 1, ಸೋಮವಾರ. ಬಿಳಿಚೋಡು

ಶಾಯಿಸ್ತಾ ಸಹಿ ಹಾಕಿದ್ದಾರೆ. ಪಾಠವನ್ನೂ ಮಾಡಿದ್ದಾರೆ.

ನನಗೆ ನಂಬಲಾಗಲಿಲ್ಲ. ಎಂಟು ವರ್ಷ ಒಂದೇ ಬಾಡಿಗೆ ಓಮ್ನಿಯಲ್ಲಿ ಕಾಲೇಜಿಗೆ ಹೋಗಿಬಂದವರು ನಾವು. ವಾಣಿಜ್ಯದ ಕೊಟ್ರೇಶ್ ಕೂಡ ಜಾರಿದ್ದಾನೆ. ಆದರೆ ಅವನು ಸಹಿ ಹಾಕಿಲ್ಲ, ಹಾಜರಾತಿಯ ಯಂತ್ರಕ್ಕೆ ಹೆಬ್ಬೆರಳು ಒತ್ತಿ ಕ್ಯಾಂಟೀನಿನಲ್ಲಿ ಕೂತು ಬಂದಿದ್ದಾನೆ. ಮುಷ್ಕರ ಮಾಡಿದ ಹಾಗೂ ಆಯಿತು, ಹಾಜರಾದ ಹಾಗೂ ಆಯಿತು.

ವಿಚಿತ್ರವೆಂದರೆ ಇವತ್ತು ಮೂರನೇ ಅಧ್ಯಾಯಕ್ಕೆ ಓದುತ್ತಿದ್ದದ್ದೂ ಇದೇ. ಕ್ರಿ.ಶ. 250ರಲ್ಲಿ ರೋಮಿನ ಚಕ್ರವರ್ತಿ ಡೀಸಿಯಸ್ ಒಂದು ಆಜ್ಞೆ ಹೊರಡಿಸಿದ. ಸಾಮ್ರಾಜ್ಯದ ಪ್ರತಿಯೊಬ್ಬರೂ ದೇವತೆಗಳಿಗೆ ಬಲಿ ಕೊಟ್ಟು, ಕೊಟ್ಟಿದ್ದೇನೆಂದು ಅಧಿಕಾರಿಗಳಿಂದ ಪ್ರಮಾಣಪತ್ರ ಪಡೆಯಬೇಕು. ಕೆಲವು ಕ್ರೈಸ್ತರು ಬಲಿ ಕೊಟ್ಟರು. ಕೆಲವರು ಚಿಟಿಕೆ ಧೂಪ ಹಾಕಿ ಕೈತೊಳೆದುಕೊಂಡರು. ಇನ್ನು ಕೆಲವು ಜಾಣರು ಏನನ್ನೂ ಮಾಡದೆ ಪತ್ರ ಮಾತ್ರ ಮಾಡಿಸಿಕೊಂಡರು. ಬಿದ್ದವರು ಎಂದು ಇವರೆಲ್ಲರನ್ನೂ ಸಭೆ ಕರೆಯಿತು. ಕೊಟ್ರೇಶನ ಹೆಬ್ಬೆರಳು ಇದರಲ್ಲಿ ಯಾವ ವರ್ಗಕ್ಕೆ ಬರುತ್ತದೆ ಎಂದು ಬಹಳ ಹೊತ್ತು ಯೋಚಿಸಿದೆ. ಚಿಟಿಕೆ ಧೂಪವೇ ಇರಬೇಕು.

ಬಿದ್ದವರ ಬಗ್ಗೆ ನನಗೆ ಕನಿಕರವಿಲ್ಲ. ನಿಂತವರು ನಿಲ್ಲಲಿಲ್ಲವೇ?

ಡಿಸೆಂಬರ್ 8, ಸೋಮವಾರ. ಚನ್ನಗಿರಿ

ಮಂತ್ರಿಗಳು ಭರವಸೆ ಕೊಟ್ಟರಂತೆ, ಮುಷ್ಕರ ಮುಗಿಯಿತು. ನನ್ನ ಸೊಂಟವೂ ಅದೇ ದಿನ ಹದಕ್ಕೆ ಬಂತು. ನಿನ್ನೆ ವಾಪಸು ಬಂದಾಗ ನೇತ್ರಾವತಿ ಬಾಗಿಲಲ್ಲಿ ನಿಂತು ಮೇಲಿಂದ ಕೆಳಗೆ ನೋಡಿ, “ಹೋರಾಟ ಮಾಡಿ ಭಾಳ ದುಂಡಗಾಗೀರಿ” ಎಂದಳು.

ಬೆಳಿಗ್ಗೆ ಗೌಸ್‌ಪೀರನ ಓಮ್ನಿ ಬಂತು. ಚನ್ನಗಿರಿಯಲ್ಲಿ ನಾವು ಐದು ಜನ ಹತ್ತುತ್ತೇವೆ, ಬಸವಾಪಟ್ಟಣದಲ್ಲಿ ಶಾಯಿಸ್ತಾ, ಅಲ್ಲಿಂದ ಹೊನ್ನಾಳಿ. ಎಂಟು ವರ್ಷದಿಂದ ಒಬ್ಬೊಬ್ಬರಿಗೂ ಅವರವರ ಸೀಟು. ಹೊಸಬರು ಬಂದರೂ ಹಳಬರ ಜಾಗ ಕೇಳುವಂತಿಲ್ಲ. ಶಾಯಿಸ್ತಾ ಅವರದು ನಡುಸಾಲಿನ ಎಡ ಕಿಟಕಿ. ಇವತ್ತು ಚನ್ನಗಿರಿ ಬಿಡುವ ಮೊದಲೇ ಓಂಕಾರಪ್ಪ ಆ ಸೀಟಿನ ಮೇಲೆ ಎಲ್ಲರ ಊಟದ ಚೀಲ ಇಟ್ಟರು.

ಬಸವಾಪಟ್ಟಣದ ನಿಲ್ದಾಣದಲ್ಲಿ ಅವರು ಛತ್ರಿ ಹಿಡಿದು ನಿಂತಿದ್ದರು. ಗೌಸ್‌ಪೀರ್ ಅಭ್ಯಾಸಬಲದಿಂದ ನಿಧಾನ ಮಾಡಿದ. “ನಿಲ್ಲಿಸ್ಬ್ಯಾಡ, ನಡಿ” ಎಂದರು ಓಂಕಾರಪ್ಪ. ಶಾಯಿಸ್ತಾ ಒಂದು ಹೆಜ್ಜೆ ಮುಂದಿಟ್ಟಿದ್ದರು, ಅಲ್ಲೇ ನಿಂತರು. ನನಗೆ ಆಗಲೇ ಫೋನಿನಲ್ಲಿ ಒಂದು ಮುಖ್ಯ ಸಂದೇಶ ನೋಡುವುದಿತ್ತು. ಏನು ಸಂದೇಶವೆಂದು ಈಗ ನೆನಪಾಗುತ್ತಿಲ್ಲ.

ಡಿಸೆಂಬರ್ 10, ಬುಧವಾರ

ಬಿದ್ದವರನ್ನು ಮತ್ತೆ ಸೇರಿಸಿಕೊಳ್ಳಬೇಕೋ ಬೇಡವೋ ಎಂದು ತೀರ್ಮಾನಿಸಲು ಸಂಘ ಒಂದು ಸಮಿತಿ ಮಾಡಿದೆ. ನಾನೇ ಸಂಚಾಲಕ. ಓಂಕಾರಪ್ಪ ಎಲ್ಲರೆದುರಿಗೆ ಹೇಳಿದರು: “ಗುರುಬಸವರಾಜ್ ಸರ್ ಆ ಕಡೀನೂ ಇರ್ಲಿಲ್ಲ, ಈ ಕಡೀನೂ ಇರ್ಲಿಲ್ಲ. ನ್ಯಾಯ ಹೇಳಾಕೆ ಅವರೇ ಸರಿ.”

ಇಂಥ ಮಾತನ್ನು ನನ್ನ ಬಗ್ಗೆ ಯಾರೂ ಆಡಿರಲಿಲ್ಲ. ಮನಸ್ಸು ತುಂಬಿಬಂತು. ನೇತ್ರಾವತಿಗೆ ಹೇಳಿದರೆ ಅವಳು ನಗುತ್ತಾ ಒಳಗೆ ಹೋದಳು, ಅಡಿಗೆಮನೆಯಲ್ಲೂ ನಗುತ್ತಿದ್ದಳು.

ಡಿಸೆಂಬರ್ 14, ಭಾನುವಾರ

ವಿಚಾರಣೆ ಮುಗಿಯಿತು. ಓಂಕಾರಪ್ಪನವರ ಮನೆಯ ಜಗುಲಿಯಲ್ಲಿ ಕೂತೆವು.

ಕೊಟ್ರೇಶ್ ಬಹಳ ಹೊತ್ತು ಮಾತಾಡಿದ. ಅವನು ಒತ್ತಿದ್ದು ಎಡಗೈ ಹೆಬ್ಬೆರಳಂತೆ, ಮನಸ್ಸು ಟೆಂಟಿನಲ್ಲೇ ಇತ್ತಂತೆ.

ಶಾಯಿಸ್ತಾ ಅವರದು ಚುಟುಕು ಮಾತು. “ಸಹಿ ಹಾಕ್ದೆ ಸರ್. ಪಾಠಾನೂ ಮಾಡ್ದೆ. ಇಲ್ಲ ಅನ್ನಾಕೆ ಬರಲ್ಲ” ಅಂದರು. ಗೋವಿನಕೋವಿ ಕಡೆಯಿಂದ ಬರುವ ಕೊನೆ ವರ್ಷದ ಹುಡುಗಿಯರು ಪರೀಕ್ಷೆ ಹತ್ತಿರ ಬಂತೆಂದು ದಿನಾ ಅಳುತ್ತಾ ಫೋನು ಮಾಡುತ್ತಿದ್ದರು ಎಂದು ನಮಗೆ ಬೇರೆಯವರಿಂದ ಗೊತ್ತಿತ್ತು. ಅದನ್ನು ಅವರು ಹೇಳಲೇ ಇಲ್ಲ. ಹೇಳಿದ್ದರೆ ಬರೆದುಕೊಳ್ಳಬಹುದಿತ್ತು.

ಸಹಿ ಹಾಕುವ ಮೊದಲು ಯಾರನ್ನಾದರೂ ಒಂದು ಮಾತು ಕೇಳಿದಿರಾ ಎಂದು ಓಂಕಾರಪ್ಪ ದಬಾಯಿಸಿದರು.

“ಒಬ್ಬರಿಗೆ ಫೋನ್ ಮಾಡಿದ್ದೆ. ಸಿಗಲಿಲ್ಲ” ಎಂದು ಶಾಯಿಸ್ತಾ ನನ್ನ ಕಡೆ ನೋಡಿದರು. ಯಾರಿಗೆ ಎಂದು ಓಂಕಾರಪ್ಪ ಕೇಳಲಿಲ್ಲ. ನಾನೂ ಕೇಳಲಿಲ್ಲ. ಅದು ಸಮಿತಿಯ ವ್ಯಾಪ್ತಿಗೆ ಬರುವುದಿಲ್ಲ.

ತೀರ್ಪನ್ನು ನಾನೇ ಬರೆದೆ. ಹೆಬ್ಬೆರಳು ಮಾತ್ರ ಒತ್ತಿದವರಿಗೆ ಎರಡು ವಾರ ಓಮ್ನಿಯ ಹಿಂದಿನ ಸೀಟು. ಸಹಿ ಹಾಕಿ ಪಾಠವನ್ನೂ ಮಾಡಿದವರಿಗೆ ಈ ಸೆಮಿಸ್ಟರ್ ಮುಗಿಯುವವರೆಗೆ ಓಮ್ನಿ ಇಲ್ಲ, ಸ್ಟಾಫ್ ರೂಮಿನಲ್ಲಿ ಸಂಘದವರ ಜೊತೆ ಚಹಾ ಇಲ್ಲ. ಶಾಯಿಸ್ತಾ ಪರವಾಗಿ ಎರಡು ಮಾತಾಡೋಣ ಎಂದು ಮನಸ್ಸು ಎಳೆಯಿತು. ಆದರೆ ಹಾಗೆ ಶುರುಮಾಡಿದರೆ ಯಾವ ದಿನ ಯಾರು ಎಲ್ಲಿದ್ದರು ಎಂಬ ಚರ್ಚೆ ಏಳುತ್ತದೆ. ಅದು ಸಂಘದ ಒಗ್ಗಟ್ಟಿಗೆ ಒಳ್ಳೆಯದಲ್ಲ.

ತೀರ್ಪು ಓದಿದಾಗ ಶಾಯಿಸ್ತಾ “ಆಯ್ತು ಸರ್” ಎಂದು ಚಪ್ಪಲಿ ಮೆಟ್ಟಿ ಹೊರಟರು. ಗೇಟಿನ ತನಕ ಹೋದವರು ತಿರುಗಿ ಬಂದು, “ಮೂರನೇ ಅಧ್ಯಾಯ ಮುಗೀತಾ?” ಎಂದು ಕೇಳಿದರು. ನಿಯಮ ನಿಯಮವೇ, ಇನ್ನು ಮುಂದೆ ನಾನೇ ತಿದ್ದಿಕೊಳ್ಳುತ್ತೇನೆ ಎಂದೆ.

ಡಿಸೆಂಬರ್ 19, ಶುಕ್ರವಾರ

ಓಂಕಾರಪ್ಪನವರ ಆಟಾಟೋಪ ಹೆಚ್ಚಾಗಿದೆ. ಸಮಿತಿಯನ್ನು ಒಂದು ಮಾತೂ ಕೇಳದೆ ಕೊಟ್ರೇಶನಿಗೆ ಹಿಂದಿನ ಸೀಟಿನಿಂದ ಬಿಡುಗಡೆ ಕೊಟ್ಟಿದ್ದಾರೆ. ಕೊಟ್ರೇಶ್ ಓಂಕಾರಪ್ಪನವರ ತಂಗಿಯ ಗಂಡನ ಕಡೆಯವನು. ಕೇಳಿದರೆ, “ನಾನು ಪೊಲೀಸರ ವ್ಯಾನು ಹತ್ತಿ ಬಂದೋನು. ಮನ್ನಾ ಮಾಡೋ ಹಕ್ಕು ನಂಗೈತೆ” ಅನ್ನುತ್ತಾರೆ.

ಓದಿದರೆ ಆಗ ಉತ್ತರ ಆಫ್ರಿಕಾದ ಕಾರ್ತೇಜಿನಲ್ಲೂ ಇದೇ ರಾಮಾಯಣ. ಬಲಿ ಕೊಡಲೊಪ್ಪದೆ ಸೆರೆಮನೆ ಕಂಡು ಬಂದವರು ಬಿದ್ದವರಲ್ಲಿ ಬೇಕಾದವರಿಗೆಲ್ಲ ಕ್ಷಮಾಪತ್ರ ಹಂಚುತ್ತಿದ್ದರು. ಇವನನ್ನೂ ಇವನ ಮನೆಮಂದಿಯನ್ನೂ ಸೇರಿಸಿಕೊಳ್ಳಿ ಎನ್ನುವಂಥ ಪತ್ರಗಳು. ಆ ಮನೆಮಂದಿ ಎಷ್ಟು ಜನವೋ ದೇವರೇ ಬಲ್ಲ. ಅಲ್ಲಿಯ ಬಿಷಪ್ಪರಿಗೆ ಇದರಿಂದ ತಲೆ ಕೆಟ್ಟುಹೋಗಿತ್ತು. ಆ ಬಿಷಪ್ಪರ ಮೇಲೆ ನನಗೆ ಬಹಳ ಗೌರವ ಹುಟ್ಟುತ್ತಿದೆ. ಕಟ್ಟುನಿಟ್ಟಿನ ಮನುಷ್ಯ, ಆದರೆ ಒರಟನಲ್ಲ. ನಾಲ್ಕನೇ ಅಧ್ಯಾಯ ಪೂರ್ತಿ ಅವರಿಗೇ ಮೀಸಲು.

ಡಿಸೆಂಬರ್ 23, ಮಂಗಳವಾರ

ಬಿಷಪ್ಪರ ಬಗ್ಗೆ ಒಂದು ಸಣ್ಣ ಸಂಗತಿ ಸಿಕ್ಕಿತು. ಡೀಸಿಯಸ್ ಕ್ರೈಸ್ತರಿಗೆ ಕೊಟ್ಟ ಹಿಂಸೆಯ ಕಾಲದಲ್ಲಿ ಅವರು ಊರಲ್ಲಿ ಇರಲಿಲ್ಲ. ಒಂದು ವರ್ಷಕ್ಕೂ ಹೆಚ್ಚು ಎಲ್ಲೋ ಅಡಗಿದ್ದು, ಅಲ್ಲಿಂದಲೇ ಗಟ್ಟಿಯಾಗಿ ನಿಲ್ಲಿ ಎಂದು ಪತ್ರ ಬರೆಯುತ್ತಿದ್ದರಂತೆ. ವಾಪಸು ಬಂದು ಬಿದ್ದವರ ವಿಚಾರಣೆ ಮಾಡಿದರು.

ಇದನ್ನೇ ಹಿಡಿದುಕೊಂಡು ಕೆಲವರು ಅವರನ್ನು ಆಡಿಕೊಂಡಿದ್ದಾರೆ. ಅಲ್ಪರು. ಮುಖ್ಯಸ್ಥನಾದವನು ಸಿಕ್ಕಿಬಿದ್ದರೆ ಮಂದಿಯನ್ನು ನಡೆಸುವವರು ಯಾರು? ಅಧ್ಯಾಯದಲ್ಲಿ ‘ದೂರದೃಷ್ಟಿಯಿಂದ ಸುರಕ್ಷಿತ ಸ್ಥಳಕ್ಕೆ ತೆರಳಿದರು’ ಎಂದು ಬರೆದೆ. ಬರೆದ ಮೇಲೆ ಸಮಾಧಾನವಾಗಿ ನಿದ್ದೆ ಬರಬೇಕಿತ್ತು, ಬರಲಿಲ್ಲ. ಮಧ್ಯಾಹ್ನದ ಅವರೇಕಾಳು ಜೀರ್ಣವಾಗಿರಲಿಕ್ಕಿಲ್ಲ.

ಜನವರಿ 5, ಸೋಮವಾರ

ಶಾಯಿಸ್ತಾ ದಿನಾ ಎರಡು ಬಸ್ಸು ಬದಲಿಸಿ ಬರುತ್ತಿದ್ದರು. ಇವತ್ತಿನಿಂದ ಇನ್ನೊಂದು ಗಾಡಿ ಹುಟ್ಟಿಕೊಂಡಿದೆ. ಕೊಟ್ರೇಶನ ಭಾವಮೈದುನ ಹಳೆಯ ತವೇರಾ ತಂದಿದ್ದಾನೆ. ಅದೂ ಚನ್ನಗಿರಿಯಿಂದಲೇ ಹೊರಟು ಬಸವಾಪಟ್ಟಣದಲ್ಲಿ ಶಾಯಿಸ್ತಾರನ್ನು ಹತ್ತಿಸಿಕೊಳ್ಳುತ್ತದೆ. ಮನ್ನಾ ಆಗಿದ್ದ ಕೊಟ್ರೇಶನೇ ಓಮ್ನಿ ಬಿಟ್ಟು ಅಲ್ಲಿಗೆ ಹೋದ. ಯಾರು ಬೇಕಾದರೂ ಹತ್ತಬಹುದಂತೆ, ಯಾರ ಸೀಟೂ ಯಾರದೂ ಅಲ್ಲವಂತೆ.

ಇದಕ್ಕೇ ಇತಿಹಾಸದಲ್ಲಿ ಭಿನ್ನಮತ ಎನ್ನುವುದು ಎಂದು ಓಮ್ನಿಯಲ್ಲಿ ವಿವರಿಸಿದೆ. ಇಬ್ಬರು ನಿದ್ದೆ ಮಾಡುತ್ತಿದ್ದರು.

ಜನವರಿ 12, ಸೋಮವಾರ

ಮೂರನೇ ಅಧ್ಯಾಯ ವಾಪಸು ಬಂದಿದೆ. ‘ವಿಷಯ ಸರಿಯಿದೆ, ವಾಕ್ಯಗಳು ಮುಂದಕ್ಕೆ ಹೋಗುವುದಿಲ್ಲ’ ಎಂದು ದೂರಶಿಕ್ಷಣದವರ ಷರಾ. ಮೊದಲೆರಡು ಅಧ್ಯಾಯ ಬರೆದವರೇ ಇದನ್ನೂ ಬರೆದದ್ದೇ ಎಂದೂ ಕೇಳಿದ್ದಾರೆ. ಇದೆಂಥ ಪ್ರಶ್ನೆ.

ಜನವರಿ 19, ಸೋಮವಾರ

ಓಮ್ನಿ ಖಾಲಿಯಾಗುತ್ತಿದೆ. ಹೋದ ವಾರ ಓಂಕಾರಪ್ಪ ಒಂದು ಹೊಸ ನಿಯಮ ತಂದರು. ತವೇರಾದವರ ಜೊತೆ ಮಾತಾಡಿದವರೂ ಬಿದ್ದವರ ಲೆಕ್ಕವೇ. ಮಾರನೇ ದಿನವೇ ಇಬ್ಬರು ತವೇರಾ ಹತ್ತಿದರು. ಬಿಷಪ್ಪರ ಕಾಲದಲ್ಲಿ ರೋಮಿನಲ್ಲೂ ಒಬ್ಬ ಪಾದ್ರಿ ಹೀಗೇ ಹಟ ಹಿಡಿದು, ಬಿದ್ದವರಿಗೆ ಕ್ಷಮೆಯೇ ಇಲ್ಲವೆಂದು ಶುದ್ಧರದೇ ಒಂದು ಬೇರೆ ಸಭೆ ಕಟ್ಟಿದ್ದ.

ಇವತ್ತು ನೋಡಿದರೆ ಓಂಕಾರಪ್ಪನವರೇ ಇಲ್ಲ. ಮಗಳು ಅರ್ಪಿತಾಳ ಕಾಲೇಜು ಆ ದಾರಿಗೆ ಬೀಳುತ್ತದೆಂದು ಅವರೂ ತವೇರಾದಲ್ಲಿ ಹೋದರಂತೆ. ಎರಡು ಗಾಡಿಗಳ ದಾರಿಯೂ ಒಂದೇ. ತಮಗೆ ತಾವೇ ಮನ್ನಾ ಮಾಡಿಕೊಂಡಿದ್ದಾರೆ.

ಶುದ್ಧರ ಸಭೆಯಲ್ಲಿ ಈಗ ನಾನೊಬ್ಬ, ಗೌಸ್‌ಪೀರ್ ಒಬ್ಬ. ಎಡ ಕಿಟಕಿಯ ಸೀಟಿನ ಮೇಲೆ ನನ್ನ ಒಂದೇ ಊಟದ ಚೀಲ. ಬಸವಾಪಟ್ಟಣ ಬಂದಾಗ ಗೌಸ್‌ಪೀರ್ ಮತ್ತೆ ನಿಧಾನ ಮಾಡಿದ. ನಿಲ್ದಾಣದಲ್ಲಿ ಯಾರೂ ಇರಲಿಲ್ಲ. “ಮೇಡಂ ಇದ್ದಾಗ ದಾರಿ ಬ್ಯಾಗ ಸಾಗ್ತಿತ್ತು ಸರ್” ಎಂದ. ಹೌದು ಎಂದೆ. ಅದು ನಿಜವೇ. ಅವರು ಮಕ್ಕಳ ಉತ್ತರಪತ್ರಿಕೆಯ ತಮಾಷೆಗಳನ್ನು ಹೇಳುತ್ತಿದ್ದರು, ಹೊನ್ನಾಳಿಯ ಹೊಳೆ ಬಂದದ್ದೇ ತಿಳಿಯುತ್ತಿರಲಿಲ್ಲ. ನನಗೆ ಅವರಿಲ್ಲದೆ ಬೇಜಾರಾಗಿದೆ. ಇದನ್ನು ಇಲ್ಲಿ ಬರೆದರೆ ಯಾರಿಗೇನೂ ಗೊತ್ತಾಗುವುದಿಲ್ಲ.

ಜನವರಿ 21, ಬುಧವಾರ

ಒಬ್ಬರಿಗೋಸ್ಕರ ಓಮ್ನಿ ಓಡಿಸಲು ಆಗುವುದಿಲ್ಲವೆಂದು ಗೌಸ್‌ಪೀರ್ ನಾಳೆಯಿಂದ ಒಂದು ಕಾನ್ವೆಂಟ್ ಶಾಲೆಯ ಮಕ್ಕಳನ್ನು ಹತ್ತಿಸಿಕೊಳ್ಳುತ್ತಾನಂತೆ. ಕ್ರೈಸ್ತರ ಶಾಲೆಯೇ. ಇತಿಹಾಸ ನನ್ನ ಮೇಲೆ ಹಲ್ಲು ಮಸೆಯುತ್ತಿದೆ.

ಬೇರೆ ದಾರಿ ಇರಲಿಲ್ಲ. ಮಧ್ಯಾಹ್ನ ಕನ್ನಡ ವಿಭಾಗದ ಬಾಗಿಲಲ್ಲಿ ನಿಂತೆ. ಶಾಯಿಸ್ತಾ ಒಬ್ಬರೇ ಊಟ ಮಾಡುತ್ತಿದ್ದರು. ತೀರ್ಪಿನ ಮೂಲ ಉದ್ದೇಶ, ಬದಲಾದ ಸನ್ನಿವೇಶ, ಎರಡು ವಾಹನಗಳ ಸಮನ್ವಯ ಎಂದು ನಾನು ಒಂದು ಪೀಠಿಕೆ ಸಿದ್ಧಮಾಡಿಕೊಂಡು ಹೋಗಿದ್ದೆ. ಅರ್ಧದಲ್ಲೇ ಅವರು ಡಬ್ಬಿಯ ಮುಚ್ಚಳದಲ್ಲಿ ಒಂದು ರೊಟ್ಟಿ ಇಟ್ಟು ನನ್ನ ಕಡೆ ಸರಿಸಿದರು.

“ಹಿಂದಿನ ಸೀಟು ಖಾಲಿ ಐತೆ. ಬರ್ರಿ” ಅಂದರು.

ಅಷ್ಟೇ. ಪೀಠಿಕೆ ಪೂರ್ತಿ ವ್ಯರ್ಥವಾಯಿತು.

ಜನವರಿ 22, ಗುರುವಾರ

ತವೇರಾದಲ್ಲಿ ಹೋದೆ. ಯಾರೂ ಏನೂ ಕೇಳಲಿಲ್ಲ. ಓಂಕಾರಪ್ಪ ಮುಂದೆ ಕೂತು ಕಡಲೆಕಾಯಿ ಸುಲಿದು ಎಲ್ಲರಿಗೂ ಹಂಚಿದರು, ನನಗೂ ಕೊಟ್ಟರು. ಎಷ್ಟು ದಿನ ಹಿಂದೆ ಕೂರಬೇಕು, ಯಾರ ಕ್ಷಮೆ ಕೇಳಬೇಕು, ಒಂದೂ ಗೊತ್ತಾಗಲಿಲ್ಲ. ಏನಾದರೂ ಕೇಳಿದ್ದರೆ ಉತ್ತರ ಹೇಳಿ ಹಗುರಾಗುತ್ತಿದ್ದೆ. ಹೀಗೆ ಸುಮ್ಮನೆ ಸೇರಿಸಿಕೊಂಡುಬಿಡುವುದು ಬಹಳ ಕಷ್ಟದ ಶಿಕ್ಷೆ.

ಇಳಿಯುವಾಗ ಶಾಯಿಸ್ತಾ ಮೇಡಂ ಅಧ್ಯಾಯಗಳನ್ನು ಕೊಡಿ ಎಂದು ಕೈಚಾಚಿದರು. ಎರಡನ್ನೂ ಕೊಟ್ಟೆ.

ಜನವರಿ 28, ಬುಧವಾರ

ಸಂಜೆ ವಾಪಸು ಬರುವಾಗ ಅವರು ಹಿಂದಿನ ಸೀಟಿಗೆ ಬಂದು ನನ್ನ ಪಕ್ಕ ಕೂತರು. ಮೂರನೆಯದನ್ನು ತಿದ್ದಿದ್ದಾರೆ, ಓಡುತ್ತದೆ. ನಾಲ್ಕನೆಯದೂ ಚೆನ್ನಾಗಿದೆ ಎಂದರು.

“ಒಂದು ಕಡೆ ಮಾತ್ರ ನಿಂತೆ ಸರ್. ಬಿಷಪ್ಪರು ಅಡಗಿದ್ದು ಎಲ್ಲಿ ಅಂತ ನೀವು ಬರ್ದಿಲ್ಲ.”

ಇತಿಹಾಸಕ್ಕೆ ಅದು ಗೊತ್ತಿಲ್ಲ ಎಂದೆ.

“ಅವ್ರ ಮಾವನವರಿಗೆ ಗೊತ್ತಿರ್ತೈತೆ ಬಿಡ್ರಿ.”

ಬಿಷಪ್ಪರಿಗೆ ಮಾವನಿದ್ದ ದಾಖಲೆ ಇಲ್ಲ ಎಂದು ಹೇಳಲು ಬಾಯಿ ತೆರೆದು ಅವರ ಕಡೆ ತಿರುಗಿದೆ. ಅವರ ಮುಖದಲ್ಲಿ ಕೊಂಕು ಇರಲಿಲ್ಲ.

“ನಿಮ್ಮ ಮಾವ ಭಾಳ ಒಳ್ಳೇರು ಸರ್. ಅವತ್ತು ಫೋನಿನಾಗೆ, ಅಳಿಯಂದ್ರು ಕುರಿ ಹಿಂದೆ ದಿಣ್ಣೆ ಹತ್ತ್ಯಾರೆ, ನಮಗಿಂತ ಗಟ್ಟಿ ಅದಾರೆ, ಏನಾರ ಹೇಳ್ಬೇಕೇನು ತಾಯಿ ಅಂದ್ರು. ಸಹಿ ಹಾಕ್ಲೋ ಬ್ಯಾಡೋ ಅಂತ ನಿಮ್ಮನ್ನ ಕೇಳ್ಬೇಕಿತ್ತು. ಅವರನ್ನ ಹೆಂಗೆ ಕೇಳಾದು?”

ಬಸವಾಪಟ್ಟಣ ಬಂತು. ಅವರು ಇಳಿದು, ಗಾಡಿ ಹೊರಡುವ ತನಕ ನಿಂತು ಕೈಬೀಸಿ ಹೋದರು. ನನ್ನ ಕಿವಿಯೆಲ್ಲ ಬಿಸಿಯಾಗಿತ್ತು. ಜನವರಿಯಲ್ಲಿ ಇಂಥ ಸೆಕೆ ಹಿಂದೆಂದೂ ಕಂಡಿಲ್ಲ.

ಅಂದರೆ ಜಗುಲಿಯ ಮೇಲೆ ನಾನು ತೀರ್ಪು ಓದುವಾಗ ಅವರಿಗೆ ಗೊತ್ತಿತ್ತು. ಬಿಳಿಚೋಡು ಎಂಬ ಒಂದು ಹೆಸರು ಹೇಳಿದ್ದರೆ ಸಾಕಿತ್ತು, ವಿಚಾರಣೆ ಅಲ್ಲಿಗೇ ತಿರುಗುತ್ತಿತ್ತು. ಹೇಳಲಿಲ್ಲ. ಅದರ ಬದಲು ಮೂರನೇ ಅಧ್ಯಾಯ ಮುಗೀತಾ ಎಂದು ಕೇಳಿದರು. ಯಾಕೆ ಹೇಳಲಿಲ್ಲ ಎಂಬುದು ಸಂಜೆಯಿಂದ ಒಂದೇ ಸಮನೆ ಕೊರೆಯುತ್ತಿದೆ.

ಜನವರಿ 29, ಗುರುವಾರ

‘ದೂರದೃಷ್ಟಿಯಿಂದ ಸುರಕ್ಷಿತ ಸ್ಥಳಕ್ಕೆ ತೆರಳಿದರು’ ಎಂಬುದನ್ನು ಹೊಡೆದುಹಾಕಿ ‘ಅಡಗಿಕೊಂಡರು’ ಎಂದು ಮಾಡಿದೆ. ಪುಟ ಮಿತಿ ಇದೆ, ಪದ ಉಳಿಸಬೇಕು.

ಫೆಬ್ರವರಿ 1, ಭಾನುವಾರ

ಭರವಸೆ ಭರವಸೆಯಾಗಿಯೇ ಉಳಿದದ್ದರಿಂದ ನಾಳೆಯಿಂದ ಮತ್ತೆ ಮುಷ್ಕರ. ಮತ್ತೆ ಅದೇ ಜಮಖಾನ. ಈ ಸಲ ಶಾಯಿಸ್ತಾ ಮೇಡಂ ಹುಡುಗಿಯರ ಪಾಠವನ್ನೆಲ್ಲ ಮೊದಲೇ ಮುಗಿಸಿದ್ದಾರೆ, ಮೊದಲ ದಿನವೇ ಕೂರುತ್ತಾರಂತೆ.

ಬಿಷಪ್ಪರ ಅಧ್ಯಾಯಕ್ಕೆ ಇನ್ನೊಂದು ಪುಟ ಬೇಕಿತ್ತು. ಏಳೆಂಟು ವರ್ಷಗಳ ನಂತರ ಬೇರೊಬ್ಬ ಚಕ್ರವರ್ತಿ ಮತ್ತೆ ಹಿಂಸೆ ಶುರುಮಾಡಿದ. ಸ್ನೇಹಿತರು ಅಡಗಿಕೊಳ್ಳಲು ಜಾಗ ಗೊತ್ತುಮಾಡಿಕೊಟ್ಟರು. ಆದರೂ ಕೊನೆಗೆ ಬಿಷಪ್ಪರು ತಮ್ಮ ಮಂದಿಯ ನಡುವೆಯೇ, ತಮ್ಮ ತೋಟದ ಮನೆಯಲ್ಲಿ ಕೂತರು. ಬಂದು ಹಿಡಿದುಕೊಂಡು ಹೋಗಿ ತಲೆ ಕಡಿದರು. ಪುಟ ಸಾಲದೆಂದು ನಾನು ಇದನ್ನು ಬಿಟ್ಟಿದ್ದೆ. ಇವತ್ತು ಸೇರಿಸಿದೆ. ಕಾಲಾನುಕ್ರಮ ಪೂರ್ಣವಾಗಬೇಕಲ್ಲ.

ಬಿಳಿಚೋಡಿಗೆ ಹೋಗಲೇಬೇಕು. ಸೊಂಟದ ವಿಷಯದಲ್ಲಿ ಹುಡುಗಾಟ ಸಲ್ಲದು. ಆರೂವರೆಯ ಬಸ್ಸು. ಬ್ಯಾಗಿಗೆ ಬಟ್ಟೆ ಹಾಕು ಎಂದು ನೇತ್ರಾವತಿಗೆ ಹೇಳಿದೆ. “ನೀವೇ ಹಾಕ್ಕೋರಿ” ಎಂದಳು.

ಫೆಬ್ರವರಿ 2, ಸೋಮವಾರ

ಬಸ್ಸು ತಪ್ಪಿತು. ಆರಕ್ಕೇ ಎದ್ದಿದ್ದೆ, ಆದರೆ ಮೊದಲು ಚಪ್ಪಲಿ ಸಿಗಲಿಲ್ಲ, ಆಮೇಲೆ ಚಹಾ ಬಿಸಿಯಿತ್ತು, ಕುಡಿಯುವಷ್ಟರಲ್ಲಿ ಬಸ್ಸು ಹೋಯಿತು. ಅಷ್ಟರಲ್ಲಿ ತವೇರಾ ಬಂದು ಹಾರ್ನ್ ಹೊಡೆಯಿತು. ಸುಮ್ಮನೆ ಮನೆಯಲ್ಲಿ ಕೂತೇನು ಮಾಡುವುದೆಂದು ಹತ್ತಿದೆ.

ಟೆಂಟಿನಲ್ಲಿ ಒಂದು ಕುರ್ಚಿಯೂ ಇರಲಿಲ್ಲ. ಜಮಖಾನದ ಮೇಲೆ ಕೂತೆ. ಶಾಯಿಸ್ತಾ ಮೇಡಂ ತಮ್ಮ ಶಾಲು ಮಡಿಸಿ ಬೆನ್ನಿಗೆ ಕೊಟ್ಟರು, ಬೇಡವೆಂದರೂ ಕೇಳಲಿಲ್ಲ. ಭಾಷಣ ಮಾಡಿ ಎಂದು ಟೆಂಟಿನವರು ಮೈಕು ಕೊಟ್ಟರು. ಅದನ್ನು ಪಕ್ಕದವರಿಗೆ ದಾಟಿಸಿದೆ. ಸಂಜೆಯವರೆಗೆ ಬಿಸಿಲು, ಧೂಳು, ಸೊಳ್ಳೆ. ಸೊಂಟ ನಿಜವಾಗಿಯೂ ನೋಯುತ್ತಿದೆ.

ಓಂಕಾರಪ್ಪ ಬಂದಿರಲಿಲ್ಲ. ಹನ್ನೊಂದು ಗಂಟೆಗೆ ಗುಂಪಿನಲ್ಲಿ ಅವರ ದೊಡ್ಡ ಸಂದೇಶ ಬಂತು. ಬಿ.ಪಿ. ಏರಿದೆ, ನ್ಯಾಮತಿಯಲ್ಲಿ ಅಕ್ಕನ ಮನೆಯಲ್ಲಿದ್ದೇನೆ, ಯಾರೂ ಎದೆಗುಂದಬೇಡಿ. ಕೊಟ್ರೇಶ್ ಅದನ್ನು ಗಟ್ಟಿಯಾಗಿ ಓದಿ, “ಸಮಿತಿ ಪ್ರಕಾರ ಇದಕ್ಕೇನ್ ಶಿಕ್ಷೆ ಸರ್?” ಎಂದು ನನ್ನನ್ನು ಕೇಳಿದ. ಟೆಂಟಿನವರೆಲ್ಲ ನಕ್ಕು ನನ್ನ ಕಡೆ ತಿರುಗಿದರು.

ಎದ್ದು ಹೊರಗೆ ಹೋಗಿ ಓಂಕಾರಪ್ಪನವರಿಗೆ ಫೋನು ಮಾಡಿದೆ. ಎತ್ತಿದವರು ಅವರ ಅಕ್ಕ. ತಮ್ಮ ಈಗಷ್ಟೇ ಪೇಟೆಗೆ ಹೋಗಿದ್ದಾನೆ ಎಂದರು. ಫೋನನ್ನು ಇನ್ನೊಂದು ಕಿವಿಗೆ ಬದಲಿಸಿದೆ. ಆಮೇಲೆ, “ಅವ್ರಿಗೆ ಹೇಳ್ರಿ ಅಕ್ಕಾ. ಆರಾಮಾದ ಮ್ಯಾಲೆ ಬರಾಕೆ ಹೇಳ್ರಿ. ಹಿಂದಿನ ಸೀಟು ಖಾಲಿ ಐತೆ” ಅಂದೆ.

ಒಳಗೆ ಬಂದಾಗ ಶಾಯಿಸ್ತಾ ಮೇಡಂ ಯಾರ ಹತ್ತಿರ ಮಾತಾಡಿದಿರಿ ಎಂದು ಕೇಳಿದರು. ಓಂಕಾರಪ್ಪ ಸಿಗಲಿಲ್ಲ, ಹೊರಗೆ ಹೋಗಿದ್ದಾರಂತೆ ಎಂದೆ. ಅವರು ಡಬ್ಬಿ ತೆಗೆದು ರೊಟ್ಟಿ ಹಂಚತೊಡಗಿದರು.